ನಲವತ್ತಮೂರನೇ ನಂಬರಿನ ಮನೆತನ

35 ಸೀಸನ್, 1,184 ರೇಸ್, 200 ಗೆಲುವು. ಅಮೆರಿಕದ ಸ್ಟಾಕ್ ಕಾರ್ ರೇಸಿಂಗಿನ ‘ರಾಜ’ ರಿಚರ್ಡ್ ಪೆಟ್ಟಿ ಅವರ ಕಾರಿನ ಹಿಂದೆ ಒಂದಿಡೀ ಕುಟುಂಬವಿತ್ತು. ಅವರನ್ನು ಗೆಲ್ಲಿಸಿದ್ದು ಆ ಮನೆ. ಸಾಕು, ಇಳಿ ಎಂದು ಹೇಳಲಾಗದೆ ಹೋದದ್ದೂ ಆ ಮನೆಯೇ.

1959ರ ಜೂನ್. ಅಟ್ಲಾಂಟಾದ ಲೇಕ್‌ವುಡ್ ಸ್ಪೀಡ್‌ವೇಯ ಮಣ್ಣಿನ ಟ್ರ್ಯಾಕಿನಲ್ಲಿ ಚೌಕಳಿ ಬಾವುಟ ಬೀಸಿದಾಗ ಗೆದ್ದವರು ರಿಚರ್ಡ್ ಪೆಟ್ಟಿ ಎಂದು ಘೋಷಣೆಯಾಯಿತು. 21 ವರ್ಷದ ಹುಡುಗನಿಗೆ ಅದು ಮೊದಲ ಗೆಲುವು. ಅಷ್ಟರಲ್ಲಿ ಇನ್ನೊಬ್ಬ ಚಾಲಕರು ತಕರಾರು ತೆಗೆದರು: ಲ್ಯಾಪ್ ಎಣಿಸಿದ್ದು ತಪ್ಪಾಗಿದೆ, ಗೆದ್ದವನು ನಾನು. ಲೆಕ್ಕವನ್ನು ಮತ್ತೆ ನೋಡಿದರು. ತಕರಾರಿನಲ್ಲಿ ಹುರುಳಿತ್ತು. ಗೆಲುವು ಕೈಬದಲಾಯಿತು. ತಕರಾರು ತೆಗೆದವರು ಲೀ ಪೆಟ್ಟಿ, ಹುಡುಗನ ಅಪ್ಪ.

ಮಗನ ಸಂಭ್ರಮಕ್ಕೆ ತಣ್ಣೀರೆರಚಿದ ತಂದೆ ಎಂದು ಇದನ್ನು ಓದಬಹುದು. ಪೆಟ್ಟಿ ಮನೆಯವರು ಹಾಗೆ ಓದಲಿಲ್ಲ. ಅವರಿಗೆ ರೇಸ್ ಎಂದರೆ ಹೊಟ್ಟೆಪಾಡು, ಅದರ ಲೆಕ್ಕ ಸರಿಯಿರಬೇಕು, ಅಷ್ಟೆ. ಮರುವರ್ಷ ಫೆಬ್ರುವರಿ 28ರಂದು ಷಾರ್ಲೆಟ್‌ನಲ್ಲಿ ರಿಚರ್ಡ್ ನಿಜಕ್ಕೂ ಗೆದ್ದರು. ಅಲ್ಲಿಂದ 1984ರವರೆಗೆ ಎಣಿಕೆ 200ಕ್ಕೆ ಮುಟ್ಟಿತು. ಎರಡನೇ ಸ್ಥಾನದಲ್ಲಿರುವ ಡೇವಿಡ್ ಪಿಯರ್ಸನ್ ಗೆದ್ದದ್ದು 105.

ಕಸುಬು ಮನೆಗೆ ಬಂದ ಬಗೆ

ಉತ್ತರ ಕೆರೊಲಿನಾದ ಲೆವೆಲ್ ಕ್ರಾಸ್ ಒಂದು ಪುಟ್ಟ ಊರು. ರಿಚರ್ಡ್ ಹುಟ್ಟಿದ್ದು ಅಲ್ಲಿ, 1937ರ ಜುಲೈ 2ರಂದು. ಆ ಸೀಮೆಯಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರ ಕಣ್ತಪ್ಪಿಸಲು ತಮ್ಮ ಕಾರುಗಳ ಎಂಜಿನ್ ಬಿಗಿಗೊಳಿಸಿ ಓಡಿಸುತ್ತಿದ್ದರು. ಯಾರ ಗಾಡಿ ಜೋರು ಎಂಬ ಜಿದ್ದು ಬೆಳೆದು ರೇಸ್ ಆಯಿತು. ಬಿಲ್ ಫ್ರಾನ್ಸ್ ಎಂಬ ಸಂಘಟಕ 1948ರಲ್ಲಿ ಅದಕ್ಕೆ ನಿಯಮ, ಪಾಯಿಂಟು, ಬಹುಮಾನದ ಚೌಕಟ್ಟು ಹಾಕಿ ನಾಸ್ಕಾರ್ ಸಂಸ್ಥೆ ಕಟ್ಟಿದರು. ‘ಸ್ಟಾಕ್ ಕಾರ್’ ಎಂದರೆ ಆಗ ಷೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಮಾಮೂಲಿ ಕಾರು.

1949ರ ಜೂನ್ 19ರಂದು ಷಾರ್ಲೆಟ್‌ನಲ್ಲಿ ನಡೆದ ನಾಸ್ಕಾರ್‌ನ ಮೊದಲ ಸ್ಟಾಕ್ ಕಾರ್ ರೇಸಿಗೆ ಲೀ ಪೆಟ್ಟಿ ಕಡ ತಂದ ಬ್ಯೂಕ್ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋದರು. ಅದೇ ಕಾರನ್ನು ಟ್ರ್ಯಾಕಿಗೆ ಇಳಿಸಿ ಪಲ್ಟಿ ಹೊಡೆಸಿದರು. ಮನೆಗೆ ಮರಳಲು ಕುಟುಂಬ ಬೇರೆಯವರ ಗಾಡಿ ಹತ್ತಬೇಕಾಯಿತು. ರಿಚರ್ಡ್‌ಗೆ ಆಗ 11 ವರ್ಷ. ಆಮೇಲೆ ಲೀ ಮೂರು ಬಾರಿ ಚಾಂಪಿಯನ್ ಆದರು, 1959ರಲ್ಲಿ ಮೊಟ್ಟಮೊದಲ ಡೇಟೋನಾ 500 ಗೆದ್ದರು. ಮೂಗಿಗೆ ಮೂಗು ತಾಗಿದಂತೆ ಮುಗಿದ ಆ ರೇಸಿನ ವಿಜೇತರನ್ನು ಫೋಟೊ, ಫಿಲ್ಮುಗಳನ್ನು ನೋಡಿ ತೀರ್ಮಾನಿಸಲು ಮೂರು ದಿನ ಹಿಡಿದಿತ್ತು.

21 ತುಂಬುವವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ ಎಂಬುದು ಅಪ್ಪನ ಕಟ್ಟಪ್ಪಣೆ. 1958ರ ಜುಲೈನಲ್ಲಿ ವಯಸ್ಸು ತುಂಬಿತು. ಎರಡು ವಾರ ಕಳೆದು ಟೊರಾಂಟೊದಲ್ಲಿ ರಿಚರ್ಡ್ ತಮ್ಮ ಮೊದಲ ದೊಡ್ಡ ರೇಸಿಗೆ ಇಳಿದರು. ಮುನ್ನುಗ್ಗುವ ಭರದಲ್ಲಿ ಅಪ್ಪನ ಕಾರೇ ಬಂದು ತಾಗಿ ಅವರನ್ನು ಬೇಲಿಗೆ ತಳ್ಳಿತು. ಅಪ್ಪ ಗೆದ್ದರು, ಮಗ 17ನೆಯವನಾದ. ಅಪ್ಪನ ಕಾರಿನ ನಂಬರು 42 ಆಗಿದ್ದರಿಂದ ಮಗ ಮುಂದಿನದನ್ನು, 43ನ್ನು, ಹಾಕಿಕೊಂಡ.

ಮನೆಯ ಪಕ್ಕದ ಗ್ಯಾರೇಜಿನಲ್ಲಿ ಕೆಲಸ ಹಂಚಿಹೋಗಿತ್ತು. ತಮ್ಮ ಮೌರಿಸ್ ಎಂಜಿನ್ ಕಟ್ಟುವವರು. ಸೋದರ ಸಂಬಂಧಿ ಡೇಲ್ ಇನ್ಮನ್ ಕಾರಿನ ಸಿದ್ಧತೆ, ಪಿಟ್ಟಿನ (ರೇಸಿನ ನಡುವೆ ಕಾರು ನಿಂತು ಪೆಟ್ರೋಲ್, ಟೈರ್ ಪಡೆಯುವ ಜಾಗ) ತಂತ್ರ ನೋಡಿಕೊಳ್ಳುವ ಕ್ರೂ ಚೀಫ್. ಉಳಿದಿದ್ದ ನೀಲಿ, ಬಿಳಿ ಬಣ್ಣಗಳನ್ನು ಬೆರೆಸಿ ಕಾರಿಗೆ ಬಳಿದದ್ದೇ ‘ಪೆಟ್ಟಿ ಬ್ಲೂ’ ಎಂದು ಹೆಸರಾಯಿತು. 1961ರಲ್ಲಿ ಡೇಟೋನಾದ ಅರ್ಹತಾ ರೇಸುಗಳಲ್ಲಿ ಒಂದೇ ದಿನ ಅಪ್ಪ, ಮಗ ಇಬ್ಬರ ಕಾರುಗಳೂ ತಡೆಬೇಲಿ ಹಾರಿ ಆಚೆ ಬಿದ್ದವು. ರಿಚರ್ಡ್ ಸಣ್ಣ ಗಾಯದೊಂದಿಗೆ ಪಾರಾದರು. ಲೀ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ಮತ್ತೆ ಮೊದಲಿನಂತೆ ಓಡಿಸಲೇ ಇಲ್ಲ. ಮನೆಯ ಗಳಿಕೆ ಮಗನ ಹೆಗಲಿಗೆ ಬಿತ್ತು.

ಸತತ ಹತ್ತು

ಡೇಟೋನಾ ಟ್ರ್ಯಾಕ್ ಒಂದು ಸುತ್ತಿಗೆ ಎರಡೂವರೆ ಮೈಲಿ. ತಿರುವುಗಳಲ್ಲಿ ರಸ್ತೆ 31 ಡಿಗ್ರಿ ವಾಲಿಕೊಂಡಿದೆ, ಕಾಲ್ನಡಿಗೆಯಲ್ಲಿ ಹತ್ತುವುದೇ ಪ್ರಯಾಸ. ಇಲ್ಲಿ 1964ರಲ್ಲಿ ಪ್ಲಿಮತ್ ಕಾರುಗಳನ್ನು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿ ತನ್ನ ಹೊಸ ಏಳು ಲೀಟರಿನ ‘ಹೆಮಿ’ ಎಂಜಿನ್ ತಂದಿತು. ಅದನ್ನು ಕೂರಿಸಿಕೊಂಡ ಪೆಟ್ಟಿ 200 ಲ್ಯಾಪುಗಳಲ್ಲಿ 184ರಲ್ಲಿ ಮುಂದಿದ್ದು ಡೇಟೋನಾ 500 ಗೆದ್ದರು. ಆ ವರ್ಷ ಮೊದಲ ಚಾಂಪಿಯನ್‌ಷಿಪ್ ಕೂಡ ಸಿಕ್ಕಿತು.

1967ರಲ್ಲಿ ಆದದ್ದು ಇನ್ನೂ ದೊಡ್ಡದು. 48 ರೇಸಿಗೆ ಇಳಿದು 27 ಗೆದ್ದರು. ಆಗಸ್ಟಿನಿಂದ ಅಕ್ಟೋಬರ್ ಮೊದಲ ದಿನದವರೆಗೆ ಸತತವಾಗಿ ಹತ್ತು. ‘ದಿ ಕಿಂಗ್’ ಎಂಬ ಬಿರುದು ಗಟ್ಟಿಯಾಗಿ ಅಂಟಿಕೊಂಡದ್ದು ಆ ವರ್ಷ.

ಈ ಅಂಕಿಗಳಿಗೆ ಒಂದು ಟಿಪ್ಪಣಿ ಬೇಕು. ಆಗಿನ ರೇಸುಗಳಲ್ಲಿ ಬಹುಪಾಲು ಅರ್ಧ ಮೈಲಿಯ ಸಣ್ಣ ಟ್ರ್ಯಾಕುಗಳಲ್ಲಿ ನಡೆಯುವ ನೂರು ಮೈಲಿಯವು. ವಾರದಲ್ಲಿ ಎರಡು ಮೂರು ಕಡೆ ಓಡಿಸುವುದು ಮಾಮೂಲಾಗಿತ್ತು. ದೊಡ್ಡ ತಂಡಗಳೆಲ್ಲ ಎಲ್ಲ ಕಡೆಗೂ ಬರುತ್ತಿರಲಿಲ್ಲ. ಸರಿ, ಆದರೆ ಹಾಗೆ ಓಡಿಸಬೇಕಾದರೆ ಭಾನುವಾರ ಜಜ್ಜಿಹೋದ ಕಾರು ಬುಧವಾರದೊಳಗೆ ಎದ್ದು ನಿಲ್ಲಬೇಕು. ಅದು ಮೌರಿಸ್, ಇನ್ಮನ್ ಮತ್ತು ಆ ಗ್ಯಾರೇಜಿನ ತಾಕತ್ತು. 1972ರಲ್ಲಿ ನಾಸ್ಕಾರ್ ಸಣ್ಣ ರೇಸುಗಳನ್ನು ಕೈಬಿಟ್ಟು ಸೀಸನ್ನನ್ನು 31 ರೇಸಿಗೆ ಇಳಿಸಿತು. ಅಷ್ಟರೊಳಗೆ ಪೆಟ್ಟಿ 140 ಗೆದ್ದಾಗಿತ್ತು. ಉಳಿದ 60 ಹೊಸ ಕಾಲದಲ್ಲಿ ಬಂದವು. ಬರೀ ಆ 60ನ್ನೇ ಇಟ್ಟುಕೊಂಡರೂ ದೊಡ್ಡವರ ಸಾಲಿನಲ್ಲಿ ಕೂರಬಹುದು.

ಕಾರು ಕಂಪನಿಗಳಿಗೆ ಅವರ ಬೆಲೆ ಗೊತ್ತಿತ್ತು. 1969ರಲ್ಲಿ ಪೆಟ್ಟಿ ಮುನಿಸಿಕೊಂಡು ಫೋರ್ಡ್‌ಗೆ ಹೋದರು. ಅವರನ್ನು ವಾಪಸು ಕರೆತರಲೆಂದೇ ಪ್ಲಿಮತ್ ಚೂಪು ಮೂತಿಯ, ಹಿಂದೆ ಆಳೆತ್ತರದ ರೆಕ್ಕೆಯಿದ್ದ ಸೂಪರ್‌ಬರ್ಡ್ ಹೊರತಂದಿತು. ನಮ್ಮ ಮನೆಗಳ ಮಕ್ಕಳೂ ಈ ಕಾರನ್ನು ಬಲ್ಲರು. 2006ರ ‘ಕಾರ್ಸ್’ ಚಿತ್ರದಲ್ಲಿ ‘ದಿ ಕಿಂಗ್’ ಎಂದು ಬರುವ 43ನೇ ನಂಬರಿನ ನೀಲಿ ಕಾರು ಇದೇ, ಇಂಗ್ಲಿಷ್ ಆವೃತ್ತಿಯಲ್ಲಿ ಅದಕ್ಕೆ ದನಿ ಕೊಟ್ಟವರೂ ಸ್ವತಃ ಪೆಟ್ಟಿ.

ಅಂಕಿಗಳಲ್ಲಿ ಪೆಟ್ಟಿ

ಚಾಂಪಿಯನ್‌ಷಿಪ್ 7: 1964, 1967, 1971, 1972, 1974, 1975, 1979
ಡೇಟೋನಾ 500 ಗೆಲುವು 7: 1964, 1966, 1971, 1973, 1974, 1979, 1981
ಮೊದಲ ಐದರೊಳಗೆ: 555 ಬಾರಿ
ಮೊದಲ ಹತ್ತರೊಳಗೆ: 712 ಬಾರಿ
ಪಿಯರ್ಸನ್ ಜತೆ ಮೊದಲೆರಡು ಸ್ಥಾನ ಹಂಚಿಕೊಂಡದ್ದು: 63 ಬಾರಿ (ಪಿಯರ್ಸನ್ 33, ಪೆಟ್ಟಿ 30)

ತೆತ್ತ ಬೆಲೆ

1965ರಲ್ಲಿ ನಾಸ್ಕಾರ್ ಹೆಮಿ ಎಂಜಿನ್ನಿಗೆ ನಿಷೇಧ ಹಾಕಿದಾಗ ಕಂಪನಿ ರೇಸ್ ಬಹಿಷ್ಕರಿಸಿತು. ಪೆಟ್ಟಿ ನೇರ ಓಟದ ಡ್ರ್ಯಾಗ್ ರೇಸಿಂಗಿಗೆ ಹೋದರು. ಜಾರ್ಜಿಯಾದಲ್ಲಿ ಅವರ ಕಾರು ಹತೋಟಿ ತಪ್ಪಿ ಜನರತ್ತ ನುಗ್ಗಿ ಎಂಟು ವರ್ಷದ ಹುಡುಗನೊಬ್ಬ ಸತ್ತ. 1975ರಲ್ಲಿ ಟ್ಯಾಲಡೇಗಾದ ಪಿಟ್ಟಿನಲ್ಲಿ ನೀರಿನ ಪ್ರೆಷರ್ ಟ್ಯಾಂಕ್ ಸಿಡಿದು, ತಂಡದಲ್ಲಿ ದುಡಿಯುತ್ತಿದ್ದ ಹೆಂಡತಿಯ ತಮ್ಮ ಪ್ರಾಣ ಕಳೆದುಕೊಂಡ. ಅವನಿಗೆ 20 ವರ್ಷ. ಕಸುಬು ಮನೆಯದಾದರೆ ಅದರ ಸಾವುಗಳೂ ಮನೆಯೊಳಗೇ ಬರುತ್ತವೆ.

ಪೆಟ್ಟಿಯವರ ದೇಹವೂ ಸುಂಕ ಕಟ್ಟಿತು. 1970ರಲ್ಲಿ ಡಾರ್ಲಿಂಗ್‌ಟನ್ನಿನಲ್ಲಿ ಕಾರು ಮಗುಚುತ್ತ ಹೋದಾಗ ಅವರ ತೋಳು ಕಿಟಕಿಯಿಂದಾಚೆ ಜೋತಾಡುತ್ತಿದ್ದುದನ್ನು ಜನ ಕಂಡರು. ಚಾಲಕನ ಕಿಟಕಿಗೆ ಬಲೆ ಕಟ್ಟುವುದು ಕಡ್ಡಾಯವಾಗಲು ಈ ಅಪಘಾತ ಕಾರಣ. 1980ರಲ್ಲಿ ಪೊಕೊನೊದಲ್ಲಿ ಕತ್ತಿನ ಮೂಳೆ ಮುರಿಯಿತು. ಅದನ್ನು ಅಧಿಕಾರಿಗಳಿಂದ ಮುಚ್ಚಿಟ್ಟು ಮುಂದಿನ ರೇಸಿಗೂ ಕೂತರು. ಧೈರ್ಯ ಎನ್ನಿ, ಹುಂಬತನ ಎನ್ನಿ, ಒಂದೂ ರೇಸ್ ಬಿಡಬಾರದೆಂಬುದು ಆ ಮನೆಯ ಕಟ್ಟಳೆಯಾಗಿತ್ತು.

1978ರಲ್ಲಿ ಒಂದೂ ಗೆಲುವಿಲ್ಲ. ವರ್ಷದ ಕೊನೆಗೆ ಹುಣ್ಣಿನಿಂದಾಗಿ ಹೊಟ್ಟೆಯ ಒಂದು ಭಾಗವನ್ನೇ ಕತ್ತರಿಸಿ ತೆಗೆಸಬೇಕಾಯಿತು. ವಿಶ್ರಾಂತಿ ತಗೊಳ್ಳಿ ಎಂದ ವೈದ್ಯರ ಮಾತನ್ನು ಬದಿಗಿಟ್ಟು 1979ರ ಫೆಬ್ರುವರಿಯಲ್ಲಿ ಡೇಟೋನಾಕ್ಕೆ ಬಂದರು. ಸಿಬಿಎಸ್ ವಾಹಿನಿ ಆ ರೇಸನ್ನು ಮೊದಲಿನಿಂದ ಕೊನೆವರೆಗೆ ನೇರಪ್ರಸಾರ ಮಾಡಿತು, ಡೇಟೋನಾ 500ಕ್ಕೆ ಅದೇ ಮೊದಲು. ಪೂರ್ವ ಕರಾವಳಿಯಲ್ಲಿ ಹಿಮ ಸುರಿದು ಜನ ಮನೆಯೊಳಗೇ ಇದ್ದರು. ಕೊನೆಯ ಲ್ಯಾಪಿನಲ್ಲಿ ಮುಂದಿದ್ದ ಡಾನಿ ಆಲಿಸನ್, ಕೇಲ್ ಯಾರ್ಬರೊ ಒಬ್ಬರಿಗೊಬ್ಬರು ಗುದ್ದಿಕೊಂಡು ಗೋಡೆಗೆ ಬಡಿದರು. ಹಿಂದೆ ದೂರದಲ್ಲಿದ್ದ ಪೆಟ್ಟಿ ದಾಟಿ ಹೋಗಿ ಗೆದ್ದರು. ಅತ್ತ ಹುಲ್ಲಿನ ಮೇಲೆ ಸೋತವರ ಕೈಕೈ ಮಿಲಾಯಿಸಿತ್ತು. ದಕ್ಷಿಣದ ಆಟ ಇಡೀ ಅಮೆರಿಕದ ಬೈಠಕ್ಕಿನೊಳಗೆ ಬಂದದ್ದು ಆ ಮಧ್ಯಾಹ್ನ.

ಬಿರುಕು, ಮತ್ತು 200

1981ರ ಡೇಟೋನಾ 500ರ ಕೊನೆಯ ಪಿಟ್ ನಿಲುಗಡೆ. ಮುಂಚೂಣಿಯಲ್ಲಿದ್ದವರೆಲ್ಲ ಟೈರ್ ಬದಲಿಸಿಕೊಳ್ಳುತ್ತಿದ್ದರು. ಇನ್ಮನ್ ಪೆಟ್ರೋಲ್ ಮಾತ್ರ ತುಂಬಿಸಿ ಕಾರನ್ನು ಹೊರಗೆ ಕಳಿಸಿದರು. ಉಳಿದ ಆ ಕೆಲವು ಸೆಕೆಂಡುಗಳಲ್ಲೇ ಬಾಬಿ ಆಲಿಸನ್‌ರನ್ನು ಹಿಂದಿಕ್ಕಿ ಪೆಟ್ಟಿ ಏಳನೇ ಬಾರಿ ಗೆದ್ದರು. ಅದಾಗಿ ಕೆಲವೇ ದಿನಕ್ಕೆ ಇನ್ಮನ್ ತಂಡ ಬಿಟ್ಟರು. ಎಳವೆಯಿಂದ ಜತೆಗಿದ್ದವರು ಎದ್ದು ಹೋದ ಮೇಲೆ ಆ ಗ್ಯಾರೇಜ್ ಮೊದಲಿನ ಹಾಗೆ ಆಗಲಿಲ್ಲ.

1983ರ ಅಕ್ಟೋಬರಿನಲ್ಲಿ ಷಾರ್ಲೆಟ್‌ನಲ್ಲಿ ಬಂದ 198ನೇ ಗೆಲುವು ಹೆಸರಿಗೆ ಕಪ್ಪು ಹಚ್ಚಿತು. ತಪಾಸಣೆಯಲ್ಲಿ ಎಂಜಿನ್ ನಿಗದಿಗಿಂತ ದೊಡ್ಡದೆಂದೂ, ಎಡಬದಿಯ ಟೈರುಗಳನ್ನು ಬಲಕ್ಕೆ ಹಾಕಲಾಗಿತ್ತೆಂದೂ ಸಾಬೀತಾಯಿತು. 35,000 ಡಾಲರ್ ದಂಡ ಬಿತ್ತು, 104 ಪಾಯಿಂಟ್ ಹೋಯಿತು, ಗೆಲುವು ಉಳಿಯಿತು. ಮರುವರ್ಷ ರಿಚರ್ಡ್ ಸ್ವಂತ ಮನೆಯ ತಂಡ ಬಿಟ್ಟು ಮೈಕ್ ಕರ್ಬ್ ಅವರ ತಂಡ ಸೇರಿದರು.

ಹಾಗಾಗಿ 200ನೇ ಗೆಲುವು ಬಂದದ್ದು ಬೇರೆಯವರ ಕಾರಿನಲ್ಲಿ. 1984ರ ಜುಲೈ 4, ಡೇಟೋನಾ. ಅಧ್ಯಕ್ಷ ರೊನಾಲ್ಡ್ ರೇಗನ್ ವಿಮಾನದಿಂದಲೇ ಫೋನಿನಲ್ಲಿ ರೇಸಿಗೆ ಚಾಲನೆ ಕೊಟ್ಟು, ಆಮೇಲೆ ಬಂದು ಗ್ಯಾಲರಿಯಲ್ಲಿ ಕೂತರು. 160 ಲ್ಯಾಪಿನ ರೇಸಿನಲ್ಲಿ 158ನೆಯದರಲ್ಲಿ ಹಿಂದೆ ಒಂದು ಕಾರು ಪಲ್ಟಿಯಾಯಿತು. ಹಳದಿ ಬಾವುಟ ಬೀಸಿತು. ಇನ್ನು ಗೆರೆಯನ್ನು ಮೊದಲು ದಾಟಿದವನದೇ ಗೆಲುವು ಎಂಬುದು ಮುಂದಿದ್ದ ಇಬ್ಬರಿಗೂ ಗೊತ್ತಿತ್ತು. ಪೆಟ್ಟಿ, ಯಾರ್ಬರೊ ಬಾಗಿಲಿಗೆ ಬಾಗಿಲು ಉಜ್ಜುತ್ತ ಬಂದರು. ಪೆಟ್ಟಿಯ ಕಾರು ಒಂದು ಮಡ್‌ಗಾರ್ಡಿನಷ್ಟು ಮುಂದಿತ್ತು. ಆ ಪಾಂಟಿಯಾಕ್ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಗೆಲುವಿಲ್ಲದ ಎಂಟು ವರ್ಷ

ಅಲ್ಲಿಗೆ ನಿಲ್ಲಿಸಿದ್ದರೆ ಚಿತ್ರಕಥೆ ಬರೆದ ಹಾಗಿರುತ್ತಿತ್ತು. ಪೆಟ್ಟಿ ನಿಲ್ಲಿಸಲಿಲ್ಲ. 1992ರವರೆಗೆ ಓಡಿಸಿದರು, ಮತ್ತೆ ಒಂದೂ ಗೆಲ್ಲಲಿಲ್ಲ. 1986ರಲ್ಲಿ ಮನೆಯ ತಂಡಕ್ಕೆ ಮರಳಿದರು. ಅಷ್ಟು ಹೊತ್ತಿಗೆ ಗಾಳಿಸುರಂಗದಲ್ಲಿ ಕಾರು ಪರೀಕ್ಷಿಸುವ, ಎಂಜಿನಿಯರುಗಳನ್ನು ಸಂಬಳಕ್ಕಿಟ್ಟ, ಒಂದೇ ಮಾಲೀಕನಡಿ ಹಲವು ಕಾರು ಓಡಿಸುವ ತಂಡಗಳು ಎದ್ದಿದ್ದವು. 1989ರಲ್ಲಿ ಕೆಲವು ರೇಸುಗಳಿಗೆ ಅರ್ಹತೆಯೂ ಸಿಗಲಿಲ್ಲ.

ಯಾಕೆ ಮುಂದುವರಿಸಿದರು? ಒಂದು ಉತ್ತರ ಪಿಟ್ಟಿನ ಗೋಡೆಯ ಬಳಿ ಸಿಗುತ್ತಿತ್ತು. ರೇಸ್ ಮುಗಿದ ಮೇಲೆ ಗರಿ ಸಿಕ್ಕಿಸಿದ ಕೌಬಾಯ್ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಅವರು ಕೊನೆಯವರಿಗೂ ಆಟೊಗ್ರಾಫ್ ಕೊಟ್ಟೇ ಹೊರಡುತ್ತಿದ್ದರು. ಅವಸರದ ಗೀಚು ಅಲ್ಲ. ಬಿಸಿನೆಸ್ ಕಾಲೇಜಿನಲ್ಲಿ ಕೈಬರಹ ಕಲಿತಿದ್ದವರು, ಸುರುಳಿ ಸುತ್ತಿದ ಅಕ್ಷರದಲ್ಲಿ ಪೂರ್ತಿ ಹೆಸರು ಬರೆಯುತ್ತಿದ್ದರು. ಡಾ. ರಾಜ್‌ಕುಮಾರ್ ಅವರ ‘ಅಭಿಮಾನಿ ದೇವರುಗಳು’ ಎಂಬ ಮಾತು ಕೇಳಿ ಬೆಳೆದ ನಮಗೆ ಈ ಶ್ರದ್ಧೆಯನ್ನು ಬಿಡಿಸಿ ಹೇಳಬೇಕಿಲ್ಲ. ಟಿಕೆಟ್ ಕೊಂಡವರು ಬರುವುದರಿಂದಲೇ ಪ್ರಾಯೋಜಕರು ಬರುತ್ತಾರೆ ಎಂಬ ವ್ಯವಹಾರಜ್ಞಾನವೂ ಅದರಲ್ಲಿತ್ತು. 1972ರಲ್ಲಿ ಬಂದ ಎಸ್‌ಟಿಪಿ ಕಂಪನಿ ಕಾರಿಗೆ ಪೂರ್ತಿ ತನ್ನ ಕೆಂಪು ಬಣ್ಣವೇ ಬೇಕೆಂದಿತ್ತು. ಪೆಟ್ಟಿ ಒಪ್ಪದೆ, ಕಡೆಗೆ ಕೆಂಪು ನೀಲಿ ಎರಡೂ ಉಳಿದವು. ಗೆಲುವಿಲ್ಲದ ವರ್ಷಗಳಲ್ಲೂ ಆ ಕಂಪನಿ ಜತೆ ಬಿಡಲಿಲ್ಲ.

ಇನ್ನೊಂದು ಉತ್ತರ ಕಹಿ. ಬೇರೆ ತಂಡದಲ್ಲಿದ್ದರೆ 50 ದಾಟಿದ, ಗೆಲ್ಲದ ಚಾಲಕನಿಗೆ ಮಾಲೀಕ ಕೈಮುಗಿದು ಬೀಳ್ಕೊಡುತ್ತಿದ್ದ. ಇಲ್ಲಿ ಮಾಲೀಕನೂ ಅವರೇ, ಚಾಲಕನೂ ಅವರೇ. ಲೇಕ್‌ವುಡ್‌ನಲ್ಲಿ ಮಗನ ಗೆಲುವಿಗೂ ತಕರಾರು ತೆಗೆಯಬಲ್ಲ ಒಬ್ಬ ಲೀ ಪೆಟ್ಟಿ ಇದ್ದರು. ಎಂಬತ್ತರ ದಶಕದ ಕೊನೆಗೆ ‘ದಿ ಕಿಂಗ್’ ಎದುರು ನಿಂತು ಲೆಕ್ಕ ಹೇಳುವವರು ಯಾರೂ ಇರಲಿಲ್ಲ. ಆ ಎಂಟು ವರ್ಷ ಹಿಂದೆ ಬಿದ್ದ ತಂಡ ಮತ್ತೆ ಚೇತರಿಸಿಕೊಳ್ಳಲು ಒದ್ದಾಡಿತು. ಅದರ ಕೊನೆಯ ಗೆಲುವು 1999ರಲ್ಲಿ, ಜಾನ್ ಆಂಡ್ರೆಟಿ ಅವರಿಂದ.

ವಿದಾಯದ ರೇಸ್ 1992ರ ನವೆಂಬರ್ 15ರಂದು ಅಟ್ಲಾಂಟಾದಲ್ಲಿ ನಡೆಯಿತು. ನಡುವೆ ಗುದ್ದಾಟದಲ್ಲಿ ಸಿಲುಕಿ ಕಾರಿಗೆ ಬೆಂಕಿ ಹತ್ತಿತು. ಪೆಟ್ಟಿ ಉರಿಯುವ ಕಾರನ್ನು ಅಗ್ನಿಶಾಮಕ ವಾಹನದ ಹತ್ತಿರಕ್ಕೇ ತಂದು ನಿಲ್ಲಿಸಿದರು. ಹುಡುಗರು ಗಂಟೆಗಟ್ಟಲೆ ದುಡಿದು ಅದನ್ನು ಮತ್ತೆ ಓಡುವಂತೆ ಮಾಡಿದರು, ಮುಂಭಾಗವೇ ಇಲ್ಲದ ಕಾರಿನಲ್ಲಿ ಅವರು ರೇಸ್ ಮುಗಿಸಿದರು. ಸ್ಥಾನ 35. ಅದೇ ದಿನ ಜೆಫ್ ಗಾರ್ಡನ್ ಎಂಬ 21 ವರ್ಷದ ಯುವಕ ಈ ಸರಣಿಯ ತನ್ನ ಮೊದಲ ರೇಸ್ ಓಡಿಸಿದ. ಮುಂದೆ ಅವನು ನಾಲ್ಕು ಬಾರಿ ಚಾಂಪಿಯನ್ ಆದ.

ನಂಬರು ಓಡುತ್ತಿದೆ

ಮಗ ಕೈಲ್ ಎಂಟು ರೇಸ್ ಗೆದ್ದರು. ಮೊಮ್ಮಗ ಆ್ಯಡಮ್ 2000ದ ಏಪ್ರಿಲ್‌ನಲ್ಲಿ ಟೆಕ್ಸಾಸಿನಲ್ಲಿ ಅದೇ ಸರಣಿಗೆ ಕಾಲಿಟ್ಟ, ನಾಲ್ಕನೇ ತಲೆಮಾರು. ಆ ವಾರವೇ ಮುತ್ತಜ್ಜ ಲೀ ತೀರಿಕೊಂಡರು. ಮೇ 12ರಂದು ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಅಭ್ಯಾಸದ ವೇಳೆ ಕಾರು ಗೋಡೆಗೆ ಬಡಿದು 19ರ ಆ್ಯಡಮ್ ಅಸುನೀಗಿದ. ಅವನ ನೆನಪಿನಲ್ಲಿ ಕುಟುಂಬ, ಗಂಭೀರ ಕಾಯಿಲೆಗಳ ಮಕ್ಕಳಿಗಾಗಿ 2004ರಲ್ಲಿ ‘ವಿಕ್ಟರಿ ಜಂಕ್ಷನ್’ ಶಿಬಿರ ತೆರೆಯಿತು.

ಹಿರಿಯ ಪೆಟ್ಟಿಯ ರಾಜಕೀಯ ಎಲ್ಲರಿಗೂ ಹಿಡಿಸುವಂಥದ್ದಲ್ಲ. 1996ರಲ್ಲಿ ಉತ್ತರ ಕೆರೊಲಿನಾದ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆಗೆ ರಿಪಬ್ಲಿಕನ್ ಪಕ್ಷದಿಂದ ನಿಂತು ಸೋತರು. 2017ರಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲದವರು ದೇಶ ಬಿಡಲಿ ಎಂದು ಗುಡುಗಿದರು. ಇದೇ ಪೆಟ್ಟಿ 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, 82ನೇ ವಯಸ್ಸಿನಲ್ಲಿ ಟ್ಯಾಲಡೇಗಾಕ್ಕೆ ಬಂದರು. 43ನೇ ಕಾರು ಓಡಿಸುತ್ತಿದ್ದ ಕಪ್ಪು ಚಾಲಕ ಬಬಾ ವಾಲೇಸ್‌ರ ಗ್ಯಾರೇಜಿನಲ್ಲಿ ನೇಣುಕುಣಿಕೆಯಂಥ ಹಗ್ಗ ಕಂಡುಬಂದಿತ್ತು. ಉಳಿದ ಚಾಲಕರೆಲ್ಲ ಸೇರಿ ವಾಲೇಸ್‌ರ ಕಾರನ್ನು ಸಾಲಿನ ಮುಂದಕ್ಕೆ ತಳ್ಳಿದಾಗ ಪೆಟ್ಟಿ ಅವರ ಪಕ್ಕದಲ್ಲಿ ನಿಂತಿದ್ದರು. ಆ ಹಗ್ಗ ಬಾಗಿಲು ಎಳೆಯಲು ಹಿಂದಿನ ವರ್ಷದಿಂದಲೇ ಅಲ್ಲಿತ್ತೆಂದು ತನಿಖೆ ಹೇಳಿತು. ಅದು ಗೊತ್ತಾಗುವ ಮೊದಲೇ ಅವರು ಬಂದು ನಿಂತಾಗಿತ್ತು.

2022ರಲ್ಲಿ ಎರಿಕ್ ಜೋನ್ಸ್ ಡಾರ್ಲಿಂಗ್‌ಟನ್ನಿನಲ್ಲಿ ಗೆದ್ದಾಗ 43ನೇ ನಂಬರಿನ ಗೆಲುವುಗಳೂ 200 ತುಂಬಿದವು, ಪೆಟ್ಟಿಯವರ ಕೆಲವು ಗೆಲುವುಗಳು ಬೇರೆ ನಂಬರಿನಲ್ಲಿ ಬಂದಿದ್ದವು. ಮರುವರ್ಷ ಜೋನ್ಸ್ ಓಡಿಸುತ್ತಿದ್ದ ತಂಡ ‘ಲೆಗಸಿ ಮೋಟರ್ ಕ್ಲಬ್’ ಎಂಬ ಹೆಸರಿಗೆ ಬದಲಾಯಿತು. ಅಲ್ಲಿ ಪೆಟ್ಟಿಯವರಂತೆಯೇ ಏಳು ಬಾರಿ ಚಾಂಪಿಯನ್ ಆದ ಜಿಮ್ಮಿ ಜಾನ್ಸನ್ ಪಾಲುದಾರರು.

ಈಗ ಸೀಸನ್ನಿಗೆ 36 ರೇಸ್. ವರ್ಷಕ್ಕೆ ಹತ್ತರಂತೆ ಗೆದ್ದರೂ 200 ಮುಟ್ಟಲು 20 ವರ್ಷ ಬೇಕು, ಈ ಕಾಲದಲ್ಲಿ ಒಂದು ವರ್ಷ ಹತ್ತು ಗೆಲ್ಲುವುದೇ ಅಪರೂಪ. ದಾಖಲೆ ಮುರಿಯದೇ ಉಳಿದೀತು. ಆದರೆ ಅದನ್ನು ಒಬ್ಬರ ಹೆಸರಿಗೆ ಮಾತ್ರ ಬರೆದರೆ ಮೌರಿಸ್ ಕಟ್ಟಿದ ಎಂಜಿನ್ನುಗಳನ್ನೂ ಇನ್ಮನ್ ಉಳಿಸಿದ ಸೆಕೆಂಡುಗಳನ್ನೂ ಲೆಕ್ಕದಿಂದ ಬಿಟ್ಟಂತೆ. ಲೀ ಪೆಟ್ಟಿ ಇದ್ದಿದ್ದರೆ ಖಂಡಿತ ತಕರಾರು ತೆಗೆಯುತ್ತಿದ್ದರು.