ಸಾಸಿವೆ ಗಾತ್ರದ ಪಿಂಗಾಣಿ

ಮೂವತ್ತು ಅಡಿ ಎತ್ತರದ ವಿದ್ಯುತ್ ಕಂಬವನ್ನು 87 ಪಟ್ಟು ಕುಗ್ಗಿಸಿದರೆ ಹತ್ತೂವರೆ ಸೆಂಟಿಮೀಟರಿನ ಕಡ್ಡಿಯಾಗುತ್ತದೆ. ಅದರ ಅಡ್ಡತೋಳಿನ ಮೇಲೆ ಕೂರುವ ಪಿಂಗಾಣಿ ಇನ್ಸುಲೇಟರ್ ಸಾಸಿವೆ ಕಾಳಿನಷ್ಟು, ತಂತಿ ತಲೆಗೂದಲಿನಷ್ಟು. ಮಾದರಿ ರೈಲು ಕಟ್ಟುವವರು ಹೆಚ್ಚು ಬಳಸುವ ಎಚ್‌ಓ ಅಳತೆ ಇದು. ಸಿದ್ಧ ಕಿಟ್ ಕೊಳ್ಳದೆ ಕಡ್ಡಿ, ಮಣಿ, ಸೂಜಿಗಳಿಂದ ಎಲ್ಲವನ್ನೂ ತಾವೇ ಮಾಡಿಕೊಳ್ಳುವುದಕ್ಕೆ ಅವರು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ.

ಈ ಕುಶಲತೆ ಪೂರ್ತಿ ಮೈದೋರುವುದು ಗಣಿಯ ದೃಶ್ಯದಲ್ಲಿ. ಅಮೆರಿಕದ ಹವ್ಯಾಸಿಗಳಿಗೆ ಕೊಲೊರಾಡೊದ ಬೆಟ್ಟಗಳೆಂದರೆ ಪ್ರಾಣ. ಮೂರಡಿ ಅಗಲದ ಹಳಿಯ ಮೇಲೆ ಅದಿರು ಹೊತ್ತು ಸಾಗಿದ ರಿಯೊ ಗ್ರಾಂಡೆ ಸದರ್ನ್ ರೈಲು ಅಲ್ಲಿ ಓಡುತ್ತಿತ್ತು. ಅದೇ ಬೆಟ್ಟಗಳಲ್ಲಿ, ಟೆಲ್ಯುರೈಡ್ ಸಮೀಪದ ಗೋಲ್ಡ್ ಕಿಂಗ್ ಗಣಿ ಮರ ಬೆಳೆಯದಷ್ಟು ಎತ್ತರದಲ್ಲಿತ್ತು. ಯಂತ್ರ ನಡೆಸುವ ಕಲ್ಲಿದ್ದಲನ್ನು ಅಲ್ಲಿಗೆ ಹೇಸರಗತ್ತೆಗಳ ಬೆನ್ನ ಮೇಲೆ ಹೊರಿಸಬೇಕಿತ್ತು; ಆ ಖರ್ಚಿಗೇ ಗಣಿ ಮುಳುಗುವಂತಿತ್ತು. 1891ರಲ್ಲಿ ಎಲ್. ಎಲ್. ನನ್ ಎಂಬ ವಕೀಲ ಕೆಳಗಿನ ಏಮ್ಸ್‌ನಲ್ಲಿ ನೀರಿನ ಬಲದಿಂದ ಎಸಿ ವಿದ್ಯುತ್ ತಯಾರಿಸಿ, 3,000 ವೋಲ್ಟ್‌ನಲ್ಲಿ ಸುಮಾರು 4 ಕಿಲೋಮೀಟರ್ ದೂರದ ಗಣಿಗೆ ಹರಿಸಿದ. ಅಲ್ಲಿ 100 ಅಶ್ವಶಕ್ತಿಯ ಮೋಟಾರು ತಿರುಗಿತು. ಹನ್ನೊಂದು ವರ್ಷಗಳ ಬಳಿಕ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ನಮಗೆ ಗೊತ್ತೇ ಇದೆ. ಎರಡೂ ಕಡೆ ತಂತಿಯನ್ನು ಮೊದಲು ಕರೆಸಿಕೊಂಡದ್ದು ಚಿನ್ನ.

ಹಾಗಾಗಿ ಮಾದರಿ ಗಣಿಯಲ್ಲಿ ಕಂಬವೆಂದರೆ ಅಲಂಕಾರವಲ್ಲ. ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಕರೆಂಟ್ ಎಲ್ಲಿಂದ ಬಂತು, ಯಾವ ಯಂತ್ರಕ್ಕೆ ಹೋಯಿತು? ಶಾಫ್ಟಿನಿಂದ ತೊಟ್ಟಿಲು ಎತ್ತುವ ಮೋಟಾರಿಗೆ ಮೂರು ಫೇಸ್ ಬೇಕಾದರೆ ಕಂಬದಿಂದ ಮೂರು ತಂತಿ ಇಳಿಯಬೇಕು. ಎಷ್ಟೋ ಸುಂದರ ಮಾದರಿಗಳಲ್ಲಿ ತಂತಿ ಗೋಡೆಗೆ ಬಂದು ಸುಮ್ಮನೆ ನಿಂತಿರುತ್ತದೆ. ಅಂಥ ಗಣಿ ನಡೆಯುತ್ತಿದೆ ಎಂದು ನನ್ನ ಕಣ್ಣು ಒಪ್ಪುವುದಿಲ್ಲ.

ಕಂಬಕ್ಕೆ ಮೂರು ಮಿಲಿಮೀಟರ್ ದಪ್ಪದ ಬಿದಿರಿನ ಕಡ್ಡಿ ಸಾಕು. ಹ್ಯಾಕ್ಸಾ ಬ್ಲೇಡಿನ ಹಲ್ಲುಗಳನ್ನು ಅದರುದ್ದಕ್ಕೂ ಎಳೆದರೆ ಬಿಸಿಲಿಗೆ ಸೀಳಿದ ಮರದ ಗೆರೆ ಮೂಡುತ್ತದೆ. ಸ್ಪಿರಿಟ್ಟಿನಲ್ಲಿ ತೆಳುಮಾಡಿದ ಕಪ್ಪು ಮಸಿ ಬಳಿದರೆ ಬುಡ ಕಪ್ಪಾಗಿ, ತಲೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ತಿರುವಿನ ಕಂಬವನ್ನು ತಂತಿ ಒಳಕ್ಕೆ ಜಗ್ಗುತ್ತದೆ. ಅದಕ್ಕೆ ಹೊರಬದಿಯಲ್ಲಿ ನೆಲಕ್ಕೆ ಬಿಗಿಯುವ ಸ್ಟೇ ತಂತಿ ಕಟ್ಟಲೇಬೇಕು. ನಮ್ಮೂರಿನ ಲೈನ್‌ಮನ್‌ಗೆ ತೋರಿಸಿದರೂ ಅವನು ಮೊದಲು ನೋಡುವುದು ಅದನ್ನೇ.

ನನಗೆ ಅತಿ ಪ್ರಿಯವಾದದ್ದು ಟ್ರಾನ್ಸ್‌ಫಾರ್ಮರ್. 1930ರ ದಶಕದ ದೃಶ್ಯವಾದರೆ ಏಳು ಮಿಲಿಮೀಟರ್ ಅಗಲ, ಹದಿನಾಲ್ಕು ಮಿಲಿಮೀಟರ್ ಎತ್ತರದ ಪ್ಲಾಸ್ಟಿಕ್ ಕೊಳವೆಯ ಮೂರು ತುಂಡುಗಳನ್ನು ಹಲಗೆಯ ಅಟ್ಟಣೆಯ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಮುಚ್ಚಳಕ್ಕೆ ದುಂಡಗೆ ಕತ್ತರಿಸಿದ ಹಾಳೆ. ಮೇಲಿನ ಪಿಂಗಾಣಿಗೆ, ಕಸೂತಿಯವರು ಬಳಸುವ ಸಣ್ಣ ಮಣಿಗಳನ್ನು ಗುಂಡುಸೂಜಿಗೆ ಒಂದರ ಮೇಲೊಂದು ಪೋಣಿಸಿದರಾಯಿತು. ಹಳೆಯ ಗಾಜಿನ ಇನ್ಸುಲೇಟರ್ ತಿಳಿ ಹಸಿರುನೀಲಿ, ಪಿಂಗಾಣಿಯದು ಸಾಮಾನ್ಯವಾಗಿ ಕಂದು. ಮಣಿಯ ಬಣ್ಣ ಆರಿಸುವಾಗ ಇದು ನೆನಪಿರಬೇಕು. ಕಡೆಯಲ್ಲಿ ಮುಚ್ಚಳದ ಅಂಚಿನಿಂದ ಎಣ್ಣೆ ಜಿನುಗಿದ ಒಂದು ಕಪ್ಪು ಗೆರೆ. ಆ ಗೆರೆ ಬಿದ್ದ ಕೂಡಲೇ ಪ್ಲಾಸ್ಟಿಕ್ ಕಬ್ಬಿಣವಾಗಿಬಿಡುತ್ತದೆ!

ದೀಪ ನಿಜವಾಗಿಯೇ ಉರಿಯುತ್ತದೆ. ಒಂದು ಮಿಲಿಮೀಟರ್ ಉದ್ದದ ಎಲ್‌ಇಡಿಯನ್ನು ರೆಸಿಸ್ಟರ್ ಸಮೇತ ಜೋಡಿಸಿ, ಬಾಗಿಸಿದ ಹಿತ್ತಾಳೆ ಕೊಳವೆಯೊಳಗಿಂದ ಅದರ ತಂತಿ ಇಳಿಸುತ್ತಾರೆ. ಬಿಳಿ ಬೆಳಕು ಮಾತ್ರ ಕೂಡದು. ತುಸು ಕಿತ್ತಳೆ ಬಣ್ಣ ಸವರಿದರೆ ಹಳೆಯ ಬಲ್ಬಿನ ಮಂದ ಹಳದಿ ಬರುತ್ತದೆ.

ತಂತಿ ಎಳೆಯುವುದು ಎಲ್ಲ ಮುಗಿದ ಮೇಲೆ. ಇಲ್ಲದಿದ್ದರೆ ಕೈ ತಾಗಿ ಕಂಬವೇ ಕಿತ್ತುಬರುತ್ತದೆ. ನೂಲಾದರೆ ಜೇನುಮೇಣದಲ್ಲಿ ಎಳೆದು ಅದರ ನವಿರು ಕೂರಿಸಬೇಕು. ಎಲಾಸ್ಟಿಕ್ ದಾರವಾದರೆ ಬೆರಳು ಬಡಿದರೂ ಹರಿಯದು, ಆದರೆ ಅದು ಬಿಗಿದೇ ನಿಲ್ಲುತ್ತದೆ. ತಂತಿಯ ಸಹಜ ಜೋಲು ಬೇಕೆಂದರೆ ನೂಲೇ ಸರಿ. ಮೇಜಿನ ಅಂಚಿನ ಕಡೆಯ ಕಂಬ ದಾಟಿದ ತಂತಿ ಹಿನ್ನೆಲೆ ಪರದೆಯ ಒಂದು ಸಣ್ಣ ತೂತಿನೊಳಗೆ ನುಸುಳುತ್ತದೆ. ಅಲ್ಲಿಂದಾಚೆ ಅದು ಬರೀ ಕುಂಚದ ಗೆರೆ. ಬರೆದ ಬೆಟ್ಟದ ಮೇಲೆ ಬರೆದ ಕಂಬಗಳನ್ನು ಹಿಡಿದು, ಕಣಿವೆಯ ಹೊಳೆಯತ್ತ ಇಳಿಯುತ್ತದೆ.