ಮರದ ನೆಲಕ್ಕೆ ಟೈಲ್ಸ್ ಹಾಕಿಸುವ ಮುನ್ನ...

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ್ದಾರೆ. ಕಟ್ಟಿದ ಮನೆಯ ನೆಲ ಬದಲಾಯಿಸುವುದೂ ಅದಕ್ಕೇನು ಕಡಿಮೆಯ ಕೆಲಸವಲ್ಲ. ಅದರಲ್ಲೂ ಮರದ ನೆಲವಿದ್ದ ಕಡೆ ಟೈಲ್ಸ್ ಹಾಕಿಸುವುದಾದರೆ, ಅಂಗಡಿಗೆ ಹೋಗಿ ಬಣ್ಣ ಆರಿಸುವ ಮೊದಲು ಕೆಲವು ಸಂಗತಿಗಳು ನಮಗೆ ಗೊತ್ತಿರಬೇಕು.

ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮೇಲೆ ನಡೆದರೆ ತುಸು ಬಾಗುತ್ತದೆ. ಟೈಲ್ಸ್‌ಗೆ ಬಾಗುವುದು ಗೊತ್ತಿಲ್ಲ, ಒಡೆಯುವುದು ಮಾತ್ರ ಗೊತ್ತು. ಆದ್ದರಿಂದ ಮೇಲಿನ ಟೈಲ್ಸ್‌ಗಿಂತ ಕೆಳಗಿನ ತಳವೇ ಮುಖ್ಯ.

ಫ್ಲ್ಯಾಟಿನ ಮರದ ನೆಲ

1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರಿಗೆ ಬೇಸಾಯಕ್ಕೆಂದು ಕೊಟ್ಟ ಭೂಮಿಯಲ್ಲಿ ಬೆಳೆದ ಊರು ನಮ್ಮ ವೈಟ್‌ಫೀಲ್ಡ್. ಈಗ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟುಗಳೇ. ಇಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಎಷ್ಟೋ ಫ್ಲ್ಯಾಟುಗಳಲ್ಲಿ ಮಲಗುವ ಕೋಣೆಗೆ ಮರದ ನೆಲ ಇರುತ್ತದೆ. ಮಗನೋ ಮಗಳೋ ಅಂಥ ಫ್ಲ್ಯಾಟು ಕೊಂಡಿದ್ದರೆ ನೀವೂ ನೋಡಿರುತ್ತೀರಿ. ಹೆಚ್ಚಿನವು ಅಪ್ಪಟ ಮರವಲ್ಲ. ಕಾಂಕ್ರೀಟಿನ ಮೇಲೆ ತೆಳು ಫೋಮ್ ಹಾಸಿ, ಒಂದಕ್ಕೊಂದು ಸಿಕ್ಕಿಸಿದ ಲ್ಯಾಮಿನೇಟ್ ಪಟ್ಟಿಗಳು. ನೀರು ಬಿದ್ದರೆ ಅಂಚು ಉಬ್ಬಿಕೊಂಡುಬಿಡುತ್ತೆ.

"ಕೀಳೋದ್ಯಾಕಮ್ಮಾ, ಇದರ ಮೇಲೇ ಕೂರಿಸ್ತೀನಿ" ಎಂದು ಮೇಸ್ತ್ರಿ ಹೇಳಿದರೆ ಖಂಡಿತ ಒಪ್ಪಬೇಡಿ. ಪಟ್ಟಿಯನ್ನೂ ಫೋಮನ್ನೂ ಪೂರ್ತಿ ತೆಗೆಸಿ, ಅಂಟು ಉಳಿದಿದ್ದರೆ ಕೆರೆಸಿ. ನೆಲವನ್ನು ಕೋಲಿನಿಂದ ತಟ್ಟಿ. ಡಬ್ ಡಬ್ ಅಂದ ಜಾಗ ಪೊಳ್ಳು, ಅದನ್ನು ಒಡೆದು ಮತ್ತೆ ಗಾರೆ ತುಂಬಿಸಬೇಕು. ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಒಂದು ದಿನ ಬಿಟ್ಟು ಎತ್ತಿ ನೋಡಿ. ಅಡಿಯಲ್ಲಿ ನೀರಿನ ಹನಿ ಕಂಡರೆ ಮೊದಲು ತೇವದ ಮೂಲ ಹುಡುಕಿಸಿ. ಹೊಸ ನೆಲ ಸ್ವಲ್ಪ ಎತ್ತರವಾಗಬಹುದು, ಬಾಗಿಲು ತಿಕ್ಕದೆ ತಿರುಗುತ್ತದೆಯೇ ಎಂದೂ ಅಳೆಸಿ.

ಹಳೆ ಮನೆಯ ಹಲಗೆ ಮಹಡಿ

ತೊಲೆ, ಜಂತೆಗಳ ಮೇಲೆ ಹಲಗೆ ಜೋಡಿಸಿದ ಮಹಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಭಾರದ್ದು. ಹತ್ತಡಿಗೆ ಹತ್ತಡಿ ಕೋಣೆಗೆ ಎರಡು ಇಂಚು ಸಿಮೆಂಟು ಗಾರೆ ಹಾಕಿದರೆ ಅದೇ ಸುಮಾರು 900 ಕಿಲೋ. ಟೈಲ್ಸ್ ಸೇರಿದರೆ ಒಂದು ಟನ್ನಿಗೂ ಮೇಲೆ. 25 ಕಿಲೋ ಅಕ್ಕಿ ಮೂಟೆ ನಲವತ್ತನ್ನು ಹಗಲೂ ರಾತ್ರಿ ಹೊತ್ತು ನಿಂತಂತೆ! ಕೆಳಗೆ ಮಕ್ಕಳು ಮಲಗುತ್ತಾರೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಮೇಸ್ತ್ರಿಗಿಂತ ಮುಂಚೆ ಒಳ್ಳೆಯ ಬಡಗಿಯನ್ನು ಕರೆಸಿ. ಜಂತೆಗಳಿಗೆ, ಅದರಲ್ಲೂ ಗೋಡೆಯೊಳಗೆ ಹೋಗುವ ತುದಿಗಳಿಗೆ, ಸ್ಕ್ರೂಡ್ರೈವರ್ ಚುಚ್ಚಿ ನೋಡಲಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು ಇಲ್ಲವೇ ಕೊಳೆ ಹಿಡಿದಿದೆ ಎಂದರ್ಥ. ನೀವೂ ಒಂದು ಪರೀಕ್ಷೆ ಮಾಡಬಹುದು: ಕೋಣೆಯ ನಡುವೆ ತುಂಬಿದ ಲೋಟ ನೀರಿಟ್ಟು, ಮನೆಯವರನ್ನು ಪಕ್ಕದಲ್ಲಿ ನಡೆದಾಡಲು ಹೇಳಿ. ನೀರು ಜೋರಾಗಿ ತುಳುಕಾಡಿದರೆ ನೆಲ ಬಾಗುತ್ತಿದೆ. ಜಂತೆ ಬಲಪಡಿಸದೆ ಟೈಲ್ಸ್ ಮಾತೇ ಬೇಡ.

ತಳ ಗಟ್ಟಿಯಿದ್ದರೆ ಕೆಲಸದ ಕ್ರಮ ಹೀಗೆ:

* ಅಲುಗುವ ಹಲಗೆಗಳನ್ನು ಮೊಳೆಯಿಂದಲ್ಲ, ಸ್ಕ್ರೂನಿಂದ ಜಂತೆಗೆ ಬಿಗಿಸಬೇಕು.

* ಅದರ ಮೇಲೆ ಕನಿಷ್ಠ 12 ಮಿ.ಮೀ. ಪ್ಲೈವುಡ್. ನೀರು ತಡೆಯುವ ಪ್ಲೈವುಡ್‌ಗೆ ಐಎಸ್ 710 ಗುರುತು ಇರುತ್ತದೆ, ನೋಡಿಯೇ ಕೊಳ್ಳಿ. ಆರಾರು ಇಂಚಿಗೆ ಒಂದು ಸ್ಕ್ರೂ ಬರಲಿ. ಹಾಳೆಗಳ ನಡುವೆ 3 ಮಿ.ಮೀ., ಗೋಡೆಯ ಬಳಿ 6 ಮಿ.ಮೀ. ಸಂದು ಬಿಡಿಸಿ. ಮರ ಉಬ್ಬಿದಾಗ ಅದಕ್ಕೆ ಜಾಗ ಬೇಕಲ್ಲ!

* ಪ್ಲೈವುಡ್ ಮೇಲೆ ಅಂಟು ಬಳಿದು ಸಿಮೆಂಟ್ ಬೋರ್ಡ್ ಕೂರಿಸಿ, ಸ್ಕ್ರೂ ಹಾಕಿ, ಜೋಡಣೆಗಳಿಗೆ ಜಾಲರಿ ಟೇಪು ಹಾಕಿಸಿ. ಪ್ಲೈವುಡ್ ಸಂದಿನ ಮೇಲೇ ಬೋರ್ಡಿನ ಸಂದು ಬರಬಾರದು.

* ಟೈಲ್ಸ್ ಕೂರಿಸಲು ಗಾರೆ ಬೇಡ, ಬಾಗುವ ಗುಣವಿರುವ ಟೈಲ್ಸ್ ಅಂಟು ಬೇಕು. ಇದಕ್ಕೆ ಐಎಸ್ 15477 ಎಂಬ ಗುರುತು. 'ಮರದ ತಳಕ್ಕೆ ಆಗುತ್ತದೆ' ಎಂದು ಚೀಲದ ಮೇಲೆ ಬರೆದಿದೆಯೇ ಓದಿಸಿ.

* ಗೋಡೆಯ ಅಂಚಿನ ಸಂದಿಗೆ ಗ್ರೌಟ್ ತುಂಬಿಸದೆ ಸಿಲಿಕಾನ್ ತುಂಬಿಸಿ.

ಹೀಗೆ ಮಾಡಿದರೆ ಒಟ್ಟು ಭಾರ ಗಾರೆಯ ಲೆಕ್ಕದ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ದೊಡ್ಡ ದೊಡ್ಡ ಟೈಲ್ಸ್ ಆಸೆ ಬಿಟ್ಟು ಒಂದಡಿಯದನ್ನು ಆರಿಸಿ. ಮಹಡಿಯ ಹಲಗೆ ನೆಲದಲ್ಲಿ ಬಚ್ಚಲು ಮಾಡಿಸುವ ಯೋಚನೆಯಂತೂ ಬೇಡವೇ ಬೇಡ. ಕೆಳಗಿನಿಂದ ಹಲಗೆಗೆ ಗಾಳಿಯಾಡಲಿ, ಪೂರ್ತಿ ಮುಚ್ಚಿಸಬೇಡಿ.

ತಳದ ಕೆಲಸಕ್ಕೆ ಕೆಲವೊಮ್ಮೆ ಟೈಲ್ಸ್‌ಗಿಂತ ಹೆಚ್ಚು ಖರ್ಚು ಬರುತ್ತದೆ. ಅದಕ್ಕೇ ಬಡಗಿ ಕೂಲಿ, ಮೇಸ್ತ್ರಿ ಕೂಲಿ, ಸಾಮಾನು ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಸಿಕೊಂಡು ಮುಂಗಡ ಕೊಡಿ. ಲೆಕ್ಕ ಕೈಮೀರಿದರೆ ಬೇಸರ ಬೇಡ. ಹಳೆ ಹಲಗೆಯನ್ನು ಉಜ್ಜಿಸಿ ಪಾಲಿಶ್ ಹಾಕಿಸಿದರೂ ಕೋಣೆ ಲಕ್ಷಣವಾಗಿ ಕಾಣುತ್ತದೆ. ಟೈಲ್ಸ್ ಹಾಕಿಸಿದವರು ಮಾತ್ರ ಹಬ್ಬ ಬಂತೆಂದು ಬಿಂದಿಗೆಗಟ್ಟಲೆ ನೀರು ಸುರಿದು ತೊಳೆಯಬೇಡಿ. ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.