ಸಿಗಾರಿನ ತೂತು, ಅರಿಶಿಣದ ತೂತು

ನಮ್ಮ ಕಾಕಾ ಹರೆಯದಿಂದಲೂ ಬೀಡಿ ಸೇದಿದವರು. ಹೋದ ಮಳೆಗಾಲದಲ್ಲಿ ದುಬೈಯಲ್ಲಿರುವ ಅವರ ಮಗ ಊರಿಗೆ ಬಂದಾಗ ಒಂದು ಮರದ ಪೆಟ್ಟಿಗೆ ತಂದುಕೊಟ್ಟಿದ್ದ. ಒಳಗೆ ಹತ್ತು ಸಿಗಾರ್. ಬೆರಳಿಗಿಂತ ದಪ್ಪನೆಯ, ಕಂದು ಎಲೆಯಲ್ಲಿ ನುಣ್ಣಗೆ ಸುತ್ತಿದ ಅವನ್ನು ಹೇಗೆ ಸೇದಬೇಕೆಂದು ತಿಳಿಯದೆ ಕಾಕಾ ಕಮಲನಗರದ ಮನೆಯ ಅಲಮಾರಿಯಲ್ಲಿ ಹಾಗೇ ಇಟ್ಟಿದ್ದರು. ದೀಪಾವಳಿಗೆ ನಾನು ಹೋದಾಗ ಪೆಟ್ಟಿಗೆ ನನ್ನ ಮುಂದೆ ಬಂತು. "ನೀ ಹುಳದ ಸಾಲಿ ಕಲ್ತಾಂವ ಇದ್ದಿ. ಇದರಾಗ ಛಲೋದು ಯಾವ್ದು ಅದ, ಆರಿಸಿ ಕೊಡು" ಅಂದರು.

ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಹೊದಿಕೆಯ ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂತೆ ಒಂದು ದುಂಡನೆಯ ತೂತು. ಕ್ಯಾಲೆಂಡರಿನ ಹಾಳೆಯ ಬಿಳಿ ಬೆನ್ನಿನ ಮೇಲೆ ಸಿಗಾರನ್ನು ನೆಟ್ಟಗೆ ಹಿಡಿದು ಮೆಲ್ಲಗೆ ತಟ್ಟಿದರೆ ನಶ್ಯದಂಥ ಕಂದು ಪುಡಿ ಉದುರಿತು. ಪುಡಿಯ ಜೊತೆಗೇ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಕೆಂಗಂದು ಕಾಳು ಬಿತ್ತು. ಕಡ್ಡಿಯಿಂದ ಮುಟ್ಟಿದೆ, ಅಲುಗಾಡಲಿಲ್ಲ. ಕೈ ಹಿಂದೆಗೆದು ಕಾದೆ. ಸ್ವಲ್ಪ ಹೊತ್ತಿಗೆ ಕಾಳಿನಡಿಯಿಂದ ಆರು ಕಾಲು ಹೊರಬಂದವು.

ಇದಕ್ಕೆ ವಿಜ್ಞಾನದಲ್ಲಿ ಲ್ಯಾಸಿಯೋಡರ್ಮಾ ಸೆರಿಕಾರ್ನೆ ಎಂದು ಹೆಸರು. ಕೃಷಿ ಪುಸ್ತಕಗಳು ಸಿಗರೇಟು ದುಂಬಿ ಎನ್ನುತ್ತವೆ, ನಮ್ಮ ಮನೆಗಳಲ್ಲಿ ಬರೀ ನುಸಿ. ಉದ್ದ 2ರಿಂದ 3 ಮಿಲಿಮೀಟರ್. ತಲೆಯನ್ನು ಎದೆಯಡಿಗೆ ಬಾಗಿಸಿಕೊಂಡೇ ಇರುವುದರಿಂದ ಪಕ್ಕದಿಂದ ನೋಡಿದರೆ ಗೂನುಬೆನ್ನು. ಮುಟ್ಟಿದರೆ ಕಾಲು, ತಲೆ ಎಲ್ಲ ಒಳಗೆಳೆದುಕೊಂಡು ಸತ್ತಂತೆ ಬೀಳುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೀಸೆಗಳು ಗರಗಸದ ಹಲ್ಲಿನಂತೆ ಕಾಣುತ್ತವೆ. ಸೆರಿಕಾರ್ನೆ ಎಂಬ ಮಾತಿನ ಅರ್ಥವೂ ಗರಗಸದ ಕೊಂಬಿನದು ಎಂದೇ. ಇದಕ್ಕೊಬ್ಬ ದಾಯಾದಿ ಇದ್ದಾನೆ, ಔಷಧದಂಗಡಿ ದುಂಬಿ. ಅದರ ರೆಕ್ಕೆಹೊದಿಕೆಯ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ನಮ್ಮ ಸಿಗಾರಿನದರ ಬೆನ್ನು ನುಣುಪು.

ನಾನು ಹಾಳೆಯ ಮೇಲೆ ಬಗ್ಗಿರುವುದನ್ನು ನೋಡಿ ಕಾಕಿ ಒಳಗಿನಿಂದ ಅರಿಶಿಣ ಕೊಂಬಿನ ಡಬ್ಬಿ ತಂದರು. "ಇದರಾಗೂ ಹಂಗೇ ಆಗ್ಯಾದ ನೋಡಪ್ಪ." ಕೊಂಬುಗಳ ಮೈಮೇಲೆ ಅದೇ ಅಳತೆಯ ತೂತು, ಡಬ್ಬಿಯ ತಳದಲ್ಲಿ ಬೆರಳು ಮುಳುಗುವಷ್ಟು ಪುಡಿ. ಕಾಕಾ ಹುಳ ದುಬೈಯಿಂದ ಬಂತು ಅಂದುಕೊಂಡಿದ್ದರು. ನನಗೆ ಆ ಡಬ್ಬಿಯ ಮೇಲೇ ಅನುಮಾನ. ಅಷ್ಟು ಪುಡಿ ಕೂಡಬೇಕಾದರೆ ಅಲ್ಲಿ ಹಲವು ತಲೆಮಾರು ಆಗಿಹೋಗಿರಬೇಕು.

ಹೆಸರಲ್ಲಿ ಸಿಗರೇಟು ಇದ್ದರೂ ಈ ಹುಳ ತಂಬಾಕಿಗಷ್ಟೇ ಅಂಟಿಕೊಂಡದ್ದಲ್ಲ. ಅರಿಶಿಣ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಶುಂಠಿ, ಹಿಟ್ಟು, ಕೊನೆಗೆ ಹಳೆಯ ಪುಸ್ತಕದ ರಟ್ಟಿನ ಅಂಟು ಕೂಡ ಅದಕ್ಕೆ ಆಹಾರ. ಈಜಿಪ್ಟಿನ ತುತಾಂಖಾಮನ್ ದೊರೆಯ ಸಮಾಧಿಯಲ್ಲೂ ಈ ದುಂಬಿ ಸಿಕ್ಕಿದೆ. ಆ ದೊರೆ ಸತ್ತು 3,300 ವರ್ಷಗಳಾದವು. ತಂಬಾಕು ಅಮೆರಿಕ ಖಂಡದ ಗಿಡ, ಆಗ ಅದರ ಎಲೆಯನ್ನು ಈಜಿಪ್ಟಿನಲ್ಲಿ ಯಾರೂ ಕಂಡಿರಲಿಲ್ಲ. ನಮ್ಮ ಕಡೆಗೆ ತಂಬಾಕು ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. 1604-05ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಾಪುರಕ್ಕೆ ಬಂದಾಗ ಮೊದಲ ಸಲ ತಂಬಾಕು ನೋಡಿ, ಚಂದದ ಹುಕ್ಕಾದ ಜೊತೆ ಅದನ್ನು ಬಾದಶಹನಿಗೆ ಒಯ್ದ. ಅಂದರೆ ನಮ್ಮ ದಖ್ಖನಿನ ಮಂದಿ ಹೊಗೆ ಬಿಡುವುದನ್ನು ದಿಲ್ಲಿ, ಆಗ್ರಾಗಳಿಗಿಂತ ಮೊದಲೇ ಕಲಿತಿದ್ದರು. ಹೆಮ್ಮೆ ಪಡುವ ವಿಷಯವಲ್ಲ, ಆದರೆ ನಿಜ.

ಈ ಹುಳದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಅದರ ಹೊಟ್ಟೆ. ತಂಬಾಕಿನ ನಿಕೋಟಿನ್ ಕೀಟಗಳಿಗೆ ವಿಷ. ಗಿಡ ಅದನ್ನು ತಯಾರಿಸಿಕೊಳ್ಳುವುದೇ ತನ್ನನ್ನು ತಿನ್ನಲು ಬರುವವರಿಗಾಗಿ. ನಮ್ಮ ಹೊಲಗಳಲ್ಲಿ ಹೇನು ಬಿದ್ದ ಬೆಳೆಗೆ ತಂಬಾಕಿನ ಕಷಾಯ ಸಿಂಪಡಿಸುವುದೂ ಇದೇ ಕಾರಣಕ್ಕೆ. ಅಂಥ ಎಲೆಯೊಳಗೆ ಈ ದುಂಬಿಯ ಮರಿ ಹುಟ್ಟಿ, ಉಂಡು, ಬೆಳೆಯುತ್ತದೆ. ಅದರ ಕರುಳಿಗೆ ಅಂಟಿದ ಪುಟ್ಟ ಚೀಲಗಳಲ್ಲಿ ಯೀಸ್ಟಿನಂಥ ಶಿಲೀಂಧ್ರ ವಾಸವಾಗಿದೆ. ಎಲೆಯಲ್ಲಿ ಸಿಗದ ಜೀವಸತ್ವಗಳನ್ನು ಅದು ಒದಗಿಸುತ್ತದೆ, ಆಹಾರದ ಜೊತೆ ಒಳಬಂದ ವಿಷಗಳನ್ನು ಒಡೆಯಲೂ ನೆರವಾಗುತ್ತದೆ. ತಾಯಿ ಮೊಟ್ಟೆ ಇಡುವಾಗ ಈ ಯೀಸ್ಟನ್ನು ಮೊಟ್ಟೆಯ ಮೇಲೆ ಸವರುತ್ತದೆ. ಮರಿ ಹೊರಬರುವಾಗ ಮೊದಲ ತುತ್ತಾಗಿ ಆ ಚಿಪ್ಪನ್ನೇ ಕಡಿದು ತಿನ್ನುತ್ತದೆ. ತಾಯಿಯ ಬುತ್ತಿ ಹಾಗೆ ಮಗುವಿನ ಹೊಟ್ಟೆ ಸೇರುತ್ತದೆ.

ಒಂದು ಹೆಣ್ಣು ನೂರರವರೆಗೆ ಮೊಟ್ಟೆ ಇಡಬಲ್ಲದು. ಹೊಸ ಮರಿ ಎಷ್ಟು ಸಣ್ಣದೆಂದರೆ ಮರದ ಪೆಟ್ಟಿಗೆಯ ಮುಚ್ಚಳದ ಸಂದಿ ಅದಕ್ಕೆ ಅಗಸೆಬಾಗಿಲು. ತಿನ್ನುವುದೆಲ್ಲ ಈ ಮರಿಯ ಕೆಲಸ, ಬೆಳೆದ ದುಂಬಿ ಏನನ್ನೂ ತಿನ್ನುವುದಿಲ್ಲ. ಗೂಡಿನಿಂದ ಹೊರಬರಲು ದಾರಿ ಕೊರೆಯುತ್ತದೆ, ಅಷ್ಟೇ. ಸಿಗಾರಿನ ಮೇಲೆ ಕಾಣುವುದು ಬಹುಮಟ್ಟಿಗೆ ಆ ಹೊರದಾರಿ. ಹಾಗಾಗಿ ತೂತು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಊಟ ಮುಗಿದಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಸೆಕೆ, ಗಾಳಿಯಲ್ಲಿ ಶೇ. 70ರ ಆಸುಪಾಸು ತೇವ ಇದ್ದರೆ ಮೊಟ್ಟೆಯಿಂದ ದುಂಬಿಯಾಗಲು ಒಂದೆರಡು ತಿಂಗಳು ಸಾಕು. ನಮ್ಮ ಕಡೆ ಆಷಾಢ, ಶ್ರಾವಣದಲ್ಲಿ ಅಡುಗೆಮನೆಯ ಹವೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಹಾಗಾದರೆ ಸಿಗಾರ್ ಆರಿಸುವುದು ಹೇಗೆ? ಕಾಕಾನಿಗೆ ಮೊದಲೇ ಹೇಳಿದೆ: ಹೊಗೆಯನ್ನು ಎದೆಗೆ ಎಳೆಯದಿದ್ದರೂ ಸಿಗಾರ್ ಬಾಯಿ, ಗಂಟಲಿನ ಕ್ಯಾನ್ಸರ್ ತರುತ್ತದೆ, ಬೀಡಿಗಿಂತ ಒಳ್ಳೆಯದೆಂಬ ಭ್ರಮೆ ಬೇಡ. ಅವರು ತಲೆಯಾಡಿಸಿದರು, ಆದರೂ ನೋಡು ಅಂದರು. ನೋಡಿದೆವು. ಸಿಗಾರಿನಲ್ಲಿ ಮೂರು ಪದರ: ಒಳಗೆ ತುಂಬಿದ ಎಲೆ, ಅದನ್ನು ಹಿಡಿದಿಡುವ ಎಲೆ, ಮೇಲೆ ಚಂದಕ್ಕೆ ಹೊದಿಸಿದ ತೆಳ್ಳನೆ ಎಲೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತುದಿಯಿಂದ ತುದಿಗೆ ಹಗುರ ಒತ್ತುತ್ತ ಹೋದರೆ ಎಲ್ಲ ಕಡೆ ಒಂದೇ ಹದ ಸಿಗಬೇಕು. ಗಟ್ಟಿ ಗಂಟಿದ್ದಲ್ಲಿ ಗಾಳಿ ಹಾಯುವುದಿಲ್ಲ. ಪೊಳ್ಳು ಹತ್ತಿದರೆ ತುಂಬಿದ್ದು ಕಡಿಮೆ, ಇಲ್ಲವೇ ಒಳಗೆ ಹುಳ ಉಂಡಿದೆ. ಹೊದಿಕೆ ಬಿರಿದಿರಬಾರದು, ಸಣ್ಣ ಎಣ್ಣೆಹೊಳಪು ಇರಬೇಕು. ಮೂಸಿದರೆ ಬೂಸಲು ವಾಸನೆ ಬರಬಾರದು. ಆಮೇಲೆ ತೂತು, ಆಮೇಲೆ ಬಿಳಿ ಹಾಳೆ. ಹತ್ತರಲ್ಲಿ ಮೂರು ಸೋತವು.

ಉಳಿದ ಏಳನ್ನು ಇಡುವುದೇ ದೊಡ್ಡ ತೊಡಕು. ಸಿಗಾರ್ ಒಣಗಿದರೆ ಹೊದಿಕೆ ಸೀಳುತ್ತದೆ, ಸುವಾಸನೆ ಹಾರಿಹೋಗುತ್ತದೆ. ಆದ್ದರಿಂದ ಅದನ್ನು ಶೇ. 65ರಿಂದ 70 ತೇವದಲ್ಲೇ ಇಡಬೇಕು. ಹುಳಕ್ಕೂ ಹಿತವಾದದ್ದು ಅಷ್ಟೇ ತೇವ. ತೇವ ತೆಗೆಯುವಂತಿಲ್ಲವಾದ್ದರಿಂದ ಉಳಿದ ದಾರಿ ತಂಪೊಂದೇ. 20 ಡಿಗ್ರಿಗಿಂತ ಕೆಳಗೆ ಹುಳದ ಬೆಳವಣಿಗೆ ಬಹುಪಾಲು ನಿಂತುಬಿಡುತ್ತದೆ. ಒಳ್ಳೆಯ ಅಂಗಡಿಯವರು ಸಿಗಾರ್ ಕೋಣೆಯನ್ನು ತಂಪಾಗಿಡುವುದು ಇದಕ್ಕೇ. ಮೊಟ್ಟೆಯನ್ನೂ ಕೊಲ್ಲಬೇಕೆಂದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಬೇಕು. ತೆಗೆಯುವಾಗ ಅವಸರ ಮಾಡಬಾರದು. ಒಂದು ದಿನ ಫ್ರಿಜ್ಜಿನ ಕೆಳಖಾನೆ, ಆಮೇಲೆ ಹೊರಗೆ. ಹೊರಗೆ ಬಂದು ಪೂರಾ ಬೆಚ್ಚಗಾಗುವ ತನಕ ಚೀಲ ಬಿಚ್ಚಬಾರದು, ಬಿಚ್ಚಿದರೆ ಇಬ್ಬನಿ ಕೂತು ಎಲೆ ಒಡೆಯುತ್ತದೆ.

ಅರಿಶಿಣಕ್ಕೆ ಇಷ್ಟೆಲ್ಲ ಬೇಡ, ಅದನ್ನು ಧೈರ್ಯವಾಗಿ ಒಣಗಿಸಬಹುದು. ನಮ್ಮ ಹಿರಿಯರು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹರವುತ್ತಿದ್ದುದು ಬಲ್ಲವರ ಕೆಲಸ. ಚೈತ್ರ, ವೈಶಾಖದ ಬಿಸಿಲಲ್ಲಿ ಮಾಳಿಗೆ 50 ಡಿಗ್ರಿ ದಾಟುತ್ತದೆ. ಆ ಕಾವಿನಲ್ಲಿ ಮರಿಗಳು ಉಳಿಯವು, ತೇವವೂ ಹೋಗುತ್ತದೆ. ಆದರೆ ಒಣಗಿಸಿದ್ದನ್ನು ಅದೇ ಹಳೆಯ ಡಬ್ಬಿಗೆ, ಅದೇ ಹಳೆಯ ಪುಡಿಯ ಮೇಲೆ ಸುರಿದರೆ ಎಲ್ಲವೂ ವ್ಯರ್ಥ. ಕಾಕಿ ಮಾಡಿದ ತಪ್ಪು ಅದೊಂದೇ, ಮುಕ್ಕಾಲುಪಾಲು ಮನೆಗಳಲ್ಲಿ ನಡೆಯುವುದೂ ಅದೇ.

ಗೋದಾಮುಗಳಲ್ಲಿ ಇನ್ನೊಂದು ಉಪಾಯವಿದೆ. ಹೆಣ್ಣುದುಂಬಿ ಗಂಡನ್ನು ಕರೆಯಲು ಬಿಡುವ ವಾಸನೆಯನ್ನು 1979ರಲ್ಲಿ ಜಪಾನಿನ ರಸಾಯನವಿಜ್ಞಾನಿಗಳು ಗುರುತಿಸಿ ಸೆರಿಕಾರ್ನಿನ್ ಎಂದು ಕರೆದರು. ಅದನ್ನು ಅಂಟುಹಾಳೆಯ ಮೇಲಿಟ್ಟರೆ ಗಂಡುಗಳು ಹಾರಿಬಂದು ಸಿಕ್ಕಿಬೀಳುತ್ತವೆ. ಇದರಿಂದ ಹುಳ ನಿರ್ನಾಮವಾಗದು, ಆದರೆ ಬಂದಿದೆಯೇ ಇಲ್ಲವೇ ಎಂಬುದು ಬೇಗ ತಿಳಿಯುತ್ತದೆ. ಹುಳ ಕೊಲ್ಲಲು ಹಾಯಿಸುವ ಫಾಸ್ಫೀನ್ ಅನಿಲಕ್ಕೆ ಜಗ್ಗದ ತಳಿಗಳು ತಂಬಾಕಿನ ಗೋದಾಮುಗಳಲ್ಲಿ ಹುಟ್ಟಿಕೊಂಡಿರುವುದರಿಂದ ಹೀಗೆ ಮುಂಚೆಯೇ ತಿಳಿಯುವುದಕ್ಕೆ ಬೆಲೆ ಹೆಚ್ಚು.

ವಾರ ಕಳೆದು ಕಾಕಾ ಫೋನ್ ಮಾಡಿದರು. ಏಳೂ ಸಿಗಾರ್ ಫ್ರೀಜರಿನಿಂದ ಕೆಳಖಾನೆಗೆ ಬಂದಿದ್ದವು. ಕಾಕಿ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ಅಂದು ಸಿಕ್ಕ ದುಂಬಿಯನ್ನು ಕಾಕಾ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದರಂತೆ. "ಇನ್ನಾ ಜೀವಂತ ಅದ" ಅಂದರು. "ಏನೂ ತಿಂದಿಲ್ಲ. ಮುಟ್ಟಿದ್ರ ಸತ್ತಂಗ ಬೀಳ್ತದ, ಮ್ಯಾಲ ಏಳ್ತದ."